ಕೂಸು ಅಪ್ಪನ ಎದೆಗೂ ಒಗ್ಗುತ್ತದೆ

ಈ ಸಲ ಬಂದ ಕಾಗದಗಳಲ್ಲಿ ಅಪ್ಪಂದಿರ ಸುದ್ದಿಯೇ ಜಾಸ್ತಿ. ಕೆಲವನ್ನು ಅಪ್ಪಂದಿರೇ ಬರೆದಿದ್ದಾರೆ, ಕೆಲವು ಅವರ ಹೆಂಡತಿಯರದ್ದು, ಒಂದು ತಾತನದ್ದು. ಹಾಗಾಗಿ ನೆಗಡಿ, ಕೆಮ್ಮು, ಊಟದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕೊಪ್ಪಳ ಜಿಲ್ಲೆಯಲ್ಲಿ ಹಸುಗೂಸುಗಳ ವಾರ್ಡಿನಲ್ಲಿ ಕೆಲಸ ಮಾಡುವ ಗಂಡು ನರ್ಸ್. ವಾರ್ಡಿನಲ್ಲಿ ಎಲ್ಲರೂ ‘ಬ್ರದರ್’ ಅಂತಲೇ ಕರೆಯುತ್ತಾರೆ. ನಾನು ಡಾಕ್ಟರಲ್ಲ. ಔಷಧದ ಮಾತು ಬಂದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಎಂಟನೇ ತಿಂಗಳಿಗೇ ಹೆರಿಗೆ ಆಯಿತು. ಮಗು 1,700 ಗ್ರಾಂ ಇದೆ. ಹೆಂಡತಿಗೆ ಆಪರೇಷನ್ ಆಗಿದೆ, ಬಿ.ಪಿ. ಇನ್ನೂ ಇಳಿದಿಲ್ಲ. ಆಸ್ಪತ್ರೆಯ ನರ್ಸಮ್ಮ ನನಗೆ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಕಟ್ಟಿಕೊಳ್ಳಿ ಅನ್ನುತ್ತಾರೆ. ನಾನು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವವನು. ಗಂಡಸಿನ ಮೈ ಒರಟು, ಕೂಸಿಗೆ ತೊಂದರೆ ಆಗಲ್ವಾ? ಅದೂ ಈ ಬಿಸಿಲಿನಲ್ಲಿ? ತಾಯಿಯ ಮೈ ಬಿಸಿಯೇ ಬೇರೆ ಅಂತ ನಮ್ಮ ಅತ್ತೆ ಹೇಳುತ್ತಾರೆ.
— ಒಬ್ಬ ತಂದೆ, ಗಂಗಾವತಿ

ಉತ್ತರ: ಕಟ್ಟಿಕೊಳ್ಳಿ. ಇವತ್ತೇ ಶುರು ಮಾಡಿ. ನರ್ಸಮ್ಮ ಹೇಳಿದ್ದು ಸರಿಯಾಗಿದೆ.

ಇಷ್ಟು ಚಿಕ್ಕ ಕೂಸಿನ ಮೈಯಲ್ಲಿ ಕೊಬ್ಬು ತೀರಾ ಕಡಿಮೆ. ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ನಮಗೆ ಬೆವರು ಸುರಿಯುವ ಏಪ್ರಿಲ್‌ನಲ್ಲೂ ಫ್ಯಾನಿನ ಗಾಳಿಗೆ, ಒದ್ದೆ ಬಟ್ಟೆಗೆ ಅದರ ಪಾದ ತಣ್ಣಗಾಗಿಬಿಡುತ್ತದೆ. ಮೈ ತಣ್ಣಗಾದರೆ ಹಾಲು ಚೀಪುವ ಶಕ್ತಿ ಕುಗ್ಗುತ್ತದೆ, ಉಸಿರು ಹದ ತಪ್ಪುತ್ತದೆ. ಎದೆಗೆ ಎದೆ ತಾಗಿಸಿಕೊಂಡರೆ ದೊಡ್ಡವರ ಮೈ ಬಿಸಿ ನೇರವಾಗಿ ಮಗುವಿಗೆ ಹೋಗುತ್ತದೆ. ನಿಮ್ಮ ಮೈ ಬಿಸಿಯೂ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಿಮ್ಮ ಹೆಂಡತಿಯದೂ ಅಷ್ಟೇ. ಹಾಲು ಕುಡಿಸುವುದೊಂದನ್ನು ಬಿಟ್ಟರೆ ಈ ಆರೈಕೆಯಲ್ಲಿ ಅಪ್ಪನಿಂದ ಆಗದ್ದು ಏನೂ ಇಲ್ಲ.

1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಡಾ. ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿಸಿದರು. ಹೀಗೆ ಎದೆಗೆ ಕಟ್ಟಿಕೊಳ್ಳುವುದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ, ಅದು ಶುರುವಾದದ್ದು ಹಾಗೆ. ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8 ಗಂಟೆಗೆ ಕಡಿಮೆ ಆಗದಂತೆ, ಸಾಧ್ಯವಾದರೆ 24 ಗಂಟೆಯೂ ಇಟ್ಟುಕೊಳ್ಳಿ ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಪಾಲೂ ಇದೆ. 2,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳೆಲ್ಲರಿಗೂ ಈ ಆರೈಕೆ ಮುಟ್ಟಿಸುವುದು ಹೇಗೆ ಎಂದು ಇಥಿಯೋಪಿಯಾದಲ್ಲಿ, ನಮ್ಮ ದೇಶದಲ್ಲಿ ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಕರ್ನಾಟಕದಿಂದ ಅದಕ್ಕೆ ಆರಿಸಿಕೊಂಡದ್ದು ಕೊಪ್ಪಳವನ್ನೇ.

ದಿನಕ್ಕೆ 8 ಗಂಟೆ ಅಂದೆ ನೋಡಿ. ಹೊಟ್ಟೆಯ ಹೊಲಿಗೆ ಹಸಿಯಾಗಿರುವ ಬಾಣಂತಿ ಒಬ್ಬಳೇ ಇಷ್ಟು ಹೊತ್ತು ಕೂರಲು ಹೇಗೆ ಆಗುತ್ತದೆ? ನೀವು ಕೂರಲೇಬೇಕು.

ಮಾಡುವ ಬಗೆ ಹೇಳುತ್ತೇನೆ. ಮಿಲ್ಲಿನಿಂದ ಬಂದವರು ಮೊದಲು ಸ್ನಾನ ಮಾಡಿ. ತೌಡಿನ ದೂಳು ಕುತ್ತಿಗೆಯ ಮಡಿಕೆಯಲ್ಲಿ ಉಳಿಯುತ್ತದೆ, ಅಲ್ಲಿ ಚೆನ್ನಾಗಿ ತೊಳೆಯಿರಿ. ಸೆಂಟು, ಪೌಡರ್ ಬೇಡ. ಬೀಡಿ, ಗುಟ್ಕಾ ಇದ್ದರೆ ಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಕೊರಳಲ್ಲಿ ತಾಯತ, ಸರ ಇದ್ದರೆ ತೆಗೆದಿಡಿ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಇಷ್ಟೇ ಇರಲಿ. ನಿಮ್ಮ ಎದೆಯ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಚಿ ಇಟ್ಟುಕೊಳ್ಳಿ. ತಲೆ ಒಂದು ಕಡೆಗೆ ತಿರುಗಿರಲಿ. ಗದ್ದ ಎದೆಗೆ ಒತ್ತದಂತೆ ಮುಖ ಸ್ವಲ್ಪ ಮೇಲಿರಲಿ, ಮೂಗು ನಿಮಗೆ ಕಾಣುತ್ತಿರಬೇಕು. ಹಳೆಯ ಮೆತ್ತನೆ ಸೀರೆಯಿಂದ ಮಗುವಿನ ಕಿವಿಯ ಕೆಳಗಿನವರೆಗೆ ಸುತ್ತಿ ಕಟ್ಟಿ. ಒರಗು ಕುರ್ಚಿಯಲ್ಲಿ ಕೂತರೆ ಬೆನ್ನು ನೋಯುವುದಿಲ್ಲ. ಒಮ್ಮೆ ಕೂತರೆ ಒಂದು ಗಂಟೆಗೆ ಮೊದಲು ಏಳಬೇಡಿ, ಪದೇ ಪದೇ ಎತ್ತಿ ಇಳಿಸಿದರೆ ಕೂಸಿಗೆ ಆಯಾಸ. ಫ್ಯಾನ್ ಹಾಕಬಹುದು, ನೇರ ಮಗುವಿನ ಮೇಲೆ ಬೀಸದಿದ್ದರೆ ಸಾಕು. ಪಾದ ಮುಟ್ಟಿ ನೋಡುತ್ತಿರಿ, ಹೊಟ್ಟೆಯಷ್ಟೇ ಬೆಚ್ಚಗಿರಬೇಕು. ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ನರ್ಸನ್ನು ಕೂಗಿ. ತೂಕ 2,500 ಗ್ರಾಂ ಮುಟ್ಟುವ ಹೊತ್ತಿಗೆ ಅದೇ ಕೊಸರಾಡಿ ಕೆಳಗಿಳಿಸು ಅನ್ನುತ್ತದೆ. ಅಲ್ಲಿಯವರೆಗೆ ಮನೆಗೆ ಹೋದ ಮೇಲೂ ನಡೆಸಿ.

ಒರಟು ಮೈ ಅಂದಿರಲ್ಲ, ನಮ್ಮ ವಾರ್ಡಿಗೆ ಯಲಬುರ್ಗಾ ಕಡೆಯ ಒಬ್ಬ ಕುರಿಗಾರರು ಬಂದಿದ್ದರು. ಅಂಗೈ ಬಿರುಕು ಬಿಟ್ಟಿತ್ತು. ಬೇರೆ ಅಪ್ಪಂದಿರು ಕೂಸನ್ನು ಮುಟ್ಟಲು ಹೆದರಿ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರೆ, ಇವರು ಅಂಗಿ ಬಿಚ್ಚಿ ಕೂತೇಬಿಟ್ಟರು. ನಾನು ಹೇಳುವ ಮೊದಲೇ ಒಂದು ಕೈ ತಿಕದ ಕೆಳಗೆ, ಒಂದು ಕೈ ಕತ್ತಿನ ಹಿಂದೆ. ಮಳೆಗಾಲದಲ್ಲಿ ಅಡವಿಯಲ್ಲೇ ಈದ ಮರಿಯನ್ನು ಕಂಬಳಿಯೊಳಗೆ ಹೀಗೇ ತರುತ್ತೇವಲ್ಲ ಬ್ರದರ್ ಅಂದರು. ಒರಟು ಕೈಗೂ ಹದ ಗೊತ್ತಿರುತ್ತದೆ. ಹೆದರಬೇಡಿ.

ಪ್ರಶ್ನೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೆಂಡತಿ ಬಾಣಂತನಕ್ಕೆ ಸಿರುಗುಪ್ಪದ ತವರಿನಲ್ಲಿದ್ದಾಳೆ. ಮಗನಿಗೆ ಎರಡು ತಿಂಗಳು. ವಾರದ ರಜೆಗೆ ಹೋಗುತ್ತೇನೆ. ಎತ್ತಿಕೊಂಡ ತಕ್ಷಣ ಅಳುತ್ತಾನೆ. ಐದನೇ ತಿಂಗಳಿಗೆ ಕಳಿಸುತ್ತೇವೆ, ಆಮೇಲೆ ತಾನಾಗಿಯೇ ಹೊಂದಿಕೊಳ್ಳುತ್ತಾನೆ ಅಂತ ಅತ್ತೆ ಮನೆಯವರು ಹೇಳುತ್ತಾರೆ. ಕಾಯಬೇಕಾ?
— ಓದುಗ, ಸಂಡೂರು ತಾಲ್ಲೂಕು

ಉತ್ತರ: ಕಾಯಬೇಡಿ. ಬಾಣಂತನಕ್ಕೆ ತವರಿಗೆ ಹೋಗುವ ಪದ್ಧತಿ ಒಳ್ಳೆಯದು. ಹೆತ್ತ ಹೆಣ್ಣುಮಗಳಿಗೆ ಅಮ್ಮನ ಕೈಯ ಊಟ, ಎಣ್ಣೆ ನೀರು, ನಿದ್ದೆ ಸಿಗುವುದು ಅಲ್ಲೇ. ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಮನೆಯಲ್ಲಿ ನಿಮಗೆ ನಡೆಯುವ ಉಪಚಾರ ನನಗೆ ಗೊತ್ತು. ಅಳಿಯ ಬಂದ ಅಂತ ಕುರ್ಚಿ ಹಾಕುತ್ತಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಬರುತ್ತದೆ. ಯಾರೋ ಕೂಸನ್ನು ತಂದು ನಿಮ್ಮ ತೊಡೆಯ ಮೇಲಿಟ್ಟು ಸುತ್ತ ನಿಂತು ನೋಡುತ್ತಾರೆ. ಹಸಿದ ಕೂಸು, ಬೇರೆ ಮೈ ವಾಸನೆ, ನೀವು ಉಸಿರು ಬಿಗಿಹಿಡಿದು ಕೂತಿರುತ್ತೀರಿ. ಅದು ಅಳುತ್ತದೆ. ತಕ್ಷಣ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಹೀಗಾದರೆ ಗುರುತು ಹೇಗೆ ಆಗಬೇಕು?

ತಾನಾಗಿಯೇ ಹೊಂದಿಕೊಳ್ಳುತ್ತಾನೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆರರಿಂದ ಎಂಟನೇ ತಿಂಗಳಲ್ಲಿ ಮಕ್ಕಳಿಗೆ ಹೊಸ ಮುಖ ಕಂಡರೆ ಭಯ ಶುರುವಾಗುತ್ತದೆ. ಬೆಳೆಯುವ ಎಲ್ಲ ಮಕ್ಕಳಿಗೂ ಅದು ಸಹಜ. ಐದು ತಿಂಗಳು ದೂರವಿದ್ದು ಆಮೇಲೆ ಮನೆಗೆ ಬಂದರೆ, ನೀವು ಅದಕ್ಕೆ ಗುರುತಾಗುವ ಹೊತ್ತಿಗೆ ಸರಿಯಾಗಿ ಈ ಭಯ ಎದುರಾಗುತ್ತದೆ. ಆಗ ‘ಅಮ್ಮನ್ನ ಬಿಟ್ಟು ಯಾರ ಹತ್ತಿರವೂ ಹೋಗಲ್ಲ’ ಎಂಬ ಹೆಸರು ಬರುತ್ತದೆ. ಅಪ್ಪ ಹಿಂದೆ ಸರಿಯುತ್ತಾನೆ. ಎಷ್ಟೋ ಮನೆಗಳಲ್ಲಿ ಅಪ್ಪ ಮಕ್ಕಳ ನಡುವಿನ ದೂರ ಹುಟ್ಟುವುದೇ ಇಲ್ಲಿ.

ರಜೆಗೆ ಹೋದಾಗ ರಾತ್ರಿ ಅಲ್ಲೇ ಉಳಿಯಿರಿ. ಮಗು ಹಾಲು ಕುಡಿದು ಮುಗಿಸಿದ ಮೇಲೆ ನಿಮ್ಮ ಕೈಗೆ ಕೊಡಲು ಹೇಳಿ, ಹಸಿದಾಗ ಬೇಡ. ಭುಜಕ್ಕೆ ಹಾಕಿಕೊಂಡು, ತೇಗು ಬರುವವರೆಗೆ ಬೆನ್ನು ಸವರುತ್ತಾ ಓಡಾಡಿ. ಆ ಕೆಲಸ ನಿಮ್ಮದೇ ಆಗಲಿ, ಪ್ರತಿ ಸಲ. ರಾತ್ರಿ ಲಂಗೋಟಿ ಬದಲಿಸುವುದೂ ನಿಮ್ಮದೇ. ಅತ್ತರೆ ಐದು ಹತ್ತು ನಿಮಿಷ ಅಳಲಿ, ನೀವು ಎದೆಗೆ ಒತ್ತಿಕೊಂಡು ಮೆಲ್ಲಗೆ ಮಾತಾಡುತ್ತಿರಿ. ಅತ್ತೆಯವರಿಗೆ ವಿನಯದಿಂದಲೇ ಹೇಳಿ: ‘ನೀವು ಸ್ವಲ್ಪ ಆಚೆ ಕೂತಿರಿ, ನಾನು ಸಮಾಧಾನ ಮಾಡ್ತೀನಿ.’ ಸಾಧ್ಯವಾದರೆ ಮೂರನೇ ತಿಂಗಳಿಗೇ ಕರೆದುಕೊಂಡು ಬನ್ನಿ. ಆಗ ಬಾಣಂತಿಯ ಊಟ, ನಿದ್ದೆಯ ಹೊಣೆ ಪೂರ್ತಿ ನಿಮ್ಮ ಮೇಲಿರುತ್ತದೆ. ಅದಕ್ಕೆ ತಯಾರಿದ್ದರೆ ಮಾತ್ರ.

ಪ್ರಶ್ನೆ: ನನ್ನ ಗಂಡ ನಾವಿಬ್ಬರೇ ಇದ್ದಾಗ ಮಗಳಿಗೆ ಎಲ್ಲ ಮಾಡುತ್ತಾರೆ. ಮಾವ ಮನೆಗೆ ಬಂದರೆ ಸಾಕು, ಎತ್ತಿಕೊಳ್ಳುವುದೂ ಇಲ್ಲ. ಅವಳು ತೊಟ್ಟಿಲಲ್ಲಿ ಅಳುತ್ತಿದ್ದರೂ ನನ್ನನ್ನೇ ಕೂಗುತ್ತಾರೆ. ಸಿಟ್ಟು ಬರುತ್ತದೆ.
— ಹೆಸರು ಬೇಡ, ಕಾರಟಗಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅವರ ಸಂಕೋಚಕ್ಕೂ ಕಾರಣ ಇದೆ. ಹಿರಿಯರ ಎದುರು ತನ್ನ ಮಗುವನ್ನು ಮುದ್ದು ಮಾಡಬಾರದು, ಅದು ಮರ್ಯಾದೆಯಲ್ಲ ಎಂಬುದು ನಮ್ಮ ಭಾಗದ ಕೂಡು ಕುಟುಂಬಗಳಲ್ಲಿ ತಲೆಮಾರುಗಳಿಂದ ಬಂದ ನಡತೆ. ನಿಮ್ಮ ಮಾವನವರೂ ಹಾಗೇ ಬೆಳೆದಿರುತ್ತಾರೆ. ಒಂದು ದಿನ ಕೂರಿಸಿ ಬುದ್ಧಿ ಹೇಳಿದರೆ ಹೋಗುವಂಥದ್ದಲ್ಲ.

ಜಗಳ ತೆಗೆಯದೆ ಒಂದು ಕೆಲಸ ಮಾಡಿ. ಮಾವ ಮನೆಯಲ್ಲಿರುವಾಗಲೇ ನೀವು ಆಚೆ ಹೋಗಿ. ಸಂತೆ, ಗುಡಿ, ಗೆಳತಿಯ ಮನೆ, ಎಲ್ಲಿಗಾದರೂ ಸರಿ. ಹಾಲು ಕುಡಿಸಿ, ಒಗೆದ ಬಟ್ಟೆ ಎಲ್ಲಿವೆ ಅಂತ ತೋರಿಸಿ, ಒಂದು ಗಂಟೆ ಬಿಟ್ಟು ಬನ್ನಿ. ಬಂದ ಮೇಲೆ ತಪ್ಪು ಹುಡುಕಬೇಡಿ. ಲಂಗೋಟಿ ಸೊಟ್ಟ ಕಟ್ಟಿದ್ದರೂ ಅದು ಕಟ್ಟಿದ ಲಂಗೋಟಿಯೇ. ಬಿಚ್ಚಿ ಮತ್ತೆ ಕಟ್ಟಿದಿರೋ, ಅವರು ಇನ್ನೊಮ್ಮೆ ಕಟ್ಟುವುದಿಲ್ಲ. ಇದನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಅಪ್ಪ ಕೈ ಚಾಚುತ್ತಾನೆ, ಅಜ್ಜಿಯೋ ಅಮ್ಮನೋ ‘ನಿನಗೆ ಬರಲ್ಲ ಕೊಡು’ ಅನ್ನುತ್ತಾರೆ. ಆ ಕೈ ಮತ್ತೆ ಜೇಬಿಗೆ ಹೋಗುತ್ತದೆ. ಪೂರ್ತಿ ಕೆಲಸ ಕೊಟ್ಟು, ಮಗುವಿನ ಜೊತೆ ಒಬ್ಬರನ್ನೇ ಬಿಡದೆ ಯಾವ ಗಂಡಸಿಗೂ ಮಗು ನೋಡಿಕೊಳ್ಳುವುದು ಬರುವುದಿಲ್ಲ. ನನಗೆ ಬಂದದ್ದೂ ಹಾಗೆಯೇ, ರಾತ್ರಿ ಪಾಳಿಯಲ್ಲಿ ಬೇರೆ ಯಾರೂ ಇಲ್ಲದಾಗ.

ಒಂದು ಮಾತ್ರ ಕಲಿಸಿಕೊಡಿ. ಹೆಣ್ಣು ಕೂಸನ್ನು ಒರೆಸುವಾಗ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಉರಿಮೂತ್ರದ ಸೋಂಕು ಬರಬಹುದು.

ಪ್ರಶ್ನೆ: ನನಗೆ ಐದು ಮಕ್ಕಳು. ಒಂದನ್ನೂ ನಾನು ತೊಳೆದವನಲ್ಲ, ಎಲ್ಲರೂ ಚೆನ್ನಾಗಿ ಬೆಳೆದರು. ಈಗ ಮಗ ಕೆಲಸದಿಂದ ಬಂದವನೇ ಕೂಸಿನ ಬಟ್ಟೆ ಒಗೆಯುತ್ತಾನೆ. ಸೊಸೆ ಮನೆಯಲ್ಲೇ ಇರುತ್ತಾಳೆ. ಓಣಿಯವರು ಆಡಿಕೊಳ್ಳುತ್ತಾರೆ. ಇದು ಸರಿಯೇ?
— ಹಿರಿಯ ಓದುಗರು, ಕುಷ್ಟಗಿ

ಉತ್ತರ: ಹಿರಿಯರೇ, ಮನಸ್ಸು ಬಿಚ್ಚಿ ಕೇಳಿದ್ದೀರಿ. ನಾನೂ ಹಾಗೇ ಹೇಳುತ್ತೇನೆ. ಸರಿ.

ನಿಮ್ಮ ಮಕ್ಕಳು ಚಿಕ್ಕವರಿದ್ದಾಗ ಮನೆಯಲ್ಲಿ ಎಷ್ಟು ಜನ ಇದ್ದರು ನೆನಪು ಮಾಡಿಕೊಳ್ಳಿ. ನಿಮ್ಮ ತಾಯಿ, ಅತ್ತಿಗೆಯರು, ಪಕ್ಕದ ಮನೆಯ ಮುದುಕಿ. ಎಲ್ಲರಿಗಿಂತ ಹೆಚ್ಚಾಗಿ ಮನೆಯ ದೊಡ್ಡ ಹುಡುಗಿ. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಶಾಲೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದ ಹುಡುಗಿಯರನ್ನು ನಾನು ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಗಂಡಸು ಮಾಡದೇ ಬಿಟ್ಟ ಕೆಲಸ ಅವಳ ಸೊಂಟದ ಮೇಲೆ ಇತ್ತು. ಈಗ ನಿಮ್ಮ ಮನೆಯಲ್ಲಿ ಆ ಅತ್ತಿಗೆಯರಿಲ್ಲ, ಆ ಹುಡುಗಿಯೂ ಇಲ್ಲ. ಇರುವುದು ನಿಮ್ಮ ಸೊಸೆ ಒಬ್ಬಳು.

ಮನೆಯಲ್ಲೇ ಇರುತ್ತಾಳೆ ಅಂದಿರಿ. 2024ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನರ ದಿನದ ಹೊತ್ತಿನ ಲೆಕ್ಕ ತೆಗೆಯಿತು. 15ರಿಂದ 59 ವರ್ಷದವರಲ್ಲಿ, ಮನೆಯವರ ಆರೈಕೆ ಮಾಡುವ ಹೆಂಗಸರು ಅದಕ್ಕೇ ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74 ನಿಮಿಷ. ಅಡುಗೆ, ಕಸ, ನೀರು, ಪಾತ್ರೆ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ಇನ್ನು, ಆರೈಕೆಗೆ ಕೈ ಹಾಕುವ ಹೆಂಗಸರು ನೂರಕ್ಕೆ 41 ಇದ್ದರೆ ಗಂಡಸರು 21ರ ಆಸುಪಾಸು. ನಿಮ್ಮ ಮಗ ಆ 21ರಲ್ಲಿ ಒಬ್ಬರು. ಓಣಿಯವರು ಆಡಿಕೊಂಡರೆ ನೀವು ಮಗನ ಪರ ಒಂದು ಮಾತು ಆಡಿ. ಅವರ ಬಾಯಿ ಮುಚ್ಚಿಸಲು ನಿಮ್ಮಷ್ಟು ಹಕ್ಕು ಇನ್ನಾರಿಗೂ ಇಲ್ಲ. ಸಂಜೆ ಹೊತ್ತು ಮೊಮ್ಮಗುವನ್ನು ಎತ್ತಿಕೊಂಡು ನೀವೇ ಕಟ್ಟೆಗೆ ಹೋಗಿ ಕೂತುಬಿಡಿ. ನಿಮಗೂ ತುಂಬಾ ಖುಷಿ ಸಿಗುತ್ತದೆ, ನಾನು ಬರೆದುಕೊಡುತ್ತೇನೆ.

ಪ್ರಶ್ನೆ: ನಾನು ಖಾಸಗಿ ಕಂಪನಿ ನೌಕರ. ಹೆಂಡತಿಯ ಹೆರಿಗೆಗೆ ನನಗೆ ರಜೆ ಕೊಡಲೇಬೇಕೆಂಬ ಕಾನೂನು ಇದೆಯಾ?
— ಓದುಗ, ಶಕ್ತಿನಗರ, ರಾಯಚೂರು

ಉತ್ತರ: ಇಲ್ಲ. ಸರ್ಕಾರಿ ನೌಕರರಿಗೆ ಇದೆ. ಕೇಂದ್ರ ಸರ್ಕಾರದಲ್ಲೂ ನಮ್ಮ ರಾಜ್ಯದಲ್ಲೂ 15 ದಿನ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವವರಿಗೆ. ಖಾಸಗಿಯಲ್ಲಿ ಕಂಪನಿ ತಾನಾಗಿ ಕೊಟ್ಟರೆ ಉಂಟು. ತಾಯಿಗೆ 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ಇದೆ. ಅಪ್ಪನಿಗೆ ಏನೂ ಇಲ್ಲ ಎಂಬುದು ನನಗೆ ಬೇಸರದ ವಿಷಯ. ಸ್ವೀಡನ್‌ನಲ್ಲಿ 1974ರಲ್ಲೇ ಈ ರಜೆಯನ್ನು ಇಬ್ಬರಿಗೂ ಕೊಟ್ಟರು. ನೀವು ಗಳಿಕೆ ರಜೆ ಉಳಿಸಿಡಿ. ಎಲ್ಲವನ್ನೂ ಹೆರಿಗೆಯ ದಿನವೇ ಖಾಲಿ ಮಾಡಬೇಡಿ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಕ್ಕೂ ಒಂದಿಷ್ಟು ಇರಲಿ. ಆಸ್ಪತ್ರೆಯಲ್ಲಿ ನಾವಿರುತ್ತೇವೆ, ಮನೆಯಲ್ಲಿ ನೀವೇ ಇರಬೇಕು.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯಲು ಹೋಗುತ್ತೇನೆ. ಗಂಡ ಆಟೋ ಓಡಿಸುತ್ತಾರೆ. ಮಧ್ಯಾಹ್ನ ಅವರು ಮನೆಯಲ್ಲಿದ್ದು ಒಂದೂವರೆ ವರ್ಷದ ಮಗನನ್ನು ನೋಡಿಕೊಳ್ಳುತ್ತಾರೆ. ಆದರೆ ಇಡೀ ಹೊತ್ತು ಅವನ ಕೈಗೆ ಫೋನ್ ಕೊಟ್ಟಿರುತ್ತಾರೆ.
— ತಾಯಿ, ಕೌಲ್ ಬಜಾರ್

ಉತ್ತರ: ಎರಡು ವರ್ಷ ತುಂಬುವವರೆಗೆ ಫೋನ್, ಟಿ.ವಿ. ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಮಾತು ಬರುವ ವಯಸ್ಸು ಇದು. ಫೋನ್ ಮಾತಾಡುತ್ತದೆ, ಮಗು ತಿರುಗಿ ಏನೋ ಅಂದರೆ ಅದು ಕೇಳಿಸಿಕೊಳ್ಳುವುದಿಲ್ಲ.

ನಿಮ್ಮ ಯಜಮಾನರನ್ನು ಬೈಯುವ ಮೊದಲು ಯೋಚಿಸಿ. ಬೆಳಗಿನ ಶಾಲೆ ಮಕ್ಕಳ ಟ್ರಿಪ್‌ನಿಂದ ಆಟೋ ಓಡಿಸಿ ಬಂದವರಿಗೆ ಮಧ್ಯಾಹ್ನದ ಆ ಉರಿಯಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಮಗುವಿನ ಜೊತೆ ಏನು ಮಾಡಬೇಕು ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ. ಒಂದು ದಾರಿ ಹೇಳುತ್ತೇನೆ. ಮಗುವಿನ ಊಟ, ಸ್ನಾನ ಎರಡನ್ನೂ ಆ ಹೊತ್ತಿಗೇ ಇಟ್ಟುಬಿಡಿ. ಅಗಲ ಬೋಗುಣಿಯಲ್ಲಿ ನೀರು, ಎರಡು ಲೋಟ, ಒಂದು ಚಮಚ ಕೊಟ್ಟರೆ ಅರ್ಧ ಗಂಟೆ ಅಲ್ಲೇ ಆಡುತ್ತಾನೆ. ಅಪ್ಪ ಪಕ್ಕದಲ್ಲೇ ಕೂತಿರಬೇಕು, ಸ್ವಲ್ಪ ನೀರಾದರೂ ಕಣ್ಣು ತೆಗೆಯಬಾರದು. ಆಮೇಲೆ ಅನ್ನ, ಬೇಳೆ ಕಿವುಚಿ ತುಪ್ಪ ಹಾಕಿ ಅವರೇ ಉಣಿಸಲಿ. ಉಂಡ ಮೇಲೆ ಇಬ್ಬರೂ ಮಲಗಲಿ. ಫೋನ್ ಆಟೋದ ಡಬ್ಬಿಯಲ್ಲಿರಲಿ.

ಪ್ರಶ್ನೆ: ಊರಲ್ಲಿ ಮಳೆಯಿಲ್ಲ. ನಾನು, ಹೆಂಡತಿ ಗುಳೆ ಬಂದು ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತೇವೆ. ಐದು ವರ್ಷದ ಮಗಳು, ಒಂದೂವರೆ ವರ್ಷದ ಮಗ ನಮ್ಮ ತಾಯಿಯ ಹತ್ತಿರ ಇದ್ದಾರೆ. ಹಬ್ಬಕ್ಕೆ ಹೋದರೆ ಮಗ ನನ್ನನ್ನು ಕಂಡು ಅಜ್ಜಿಯ ಸೀರೆಯೊಳಗೆ ಮುಖ ಮುಚ್ಚಿಕೊಳ್ಳುತ್ತಾನೆ. ನಾನು ಎಂಥ ಅಪ್ಪ?
— ಒಬ್ಬ ಓದುಗ, ದೇವದುರ್ಗ ತಾಲ್ಲೂಕು

ಉತ್ತರ: ಮಕ್ಕಳ ಹೊಟ್ಟೆಗಾಗಿ ಊರು ಬಿಟ್ಟ ಅಪ್ಪ. ಆ ಪ್ರಶ್ನೆಯನ್ನು ಮತ್ತೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ.

ನಿಮ್ಮಿಬ್ಬರಲ್ಲಿ ಒಬ್ಬರು ಊರಲ್ಲಿ ಉಳಿಯಲು ಆಗುತ್ತದೆಯೇ ನೋಡಿ. ನರೇಗಾ ಕೂಲಿ ಮಾಡುವ ತಾಯಂದಿರ ಮಕ್ಕಳಿಗೆಂದು 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ವಿಚಾರಿಸಿ. ಆಗುವುದಿಲ್ಲ ಎಂದಾದರೆ ದೂರದಿಂದಲೇ ಮಾಡುವ ಕೆಲಸಗಳೂ ಇವೆ.

ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ‘ಊಟ ಆಯ್ತಾ’ ಅಂದು ಮುಗಿಸಬೇಡಿ. ಮಗಳು ಅಂಗನವಾಡಿಯಲ್ಲಿ ಯಾರ ಪಕ್ಕ ಕೂತಳು, ಆಕಳು ಈದಿತೇ, ಕರುವಿನ ಬಣ್ಣ ಯಾವುದು ಅಂತ ಕೇಳಿ. ನಾಳೆ ಅಲ್ಲಿಂದಲೇ ಮಾತು ಮುಂದುವರಿಸಿ. ಮಗನಿಗೆ ವಿಡಿಯೋದಲ್ಲಿ ನಿಮ್ಮ ಮುಖಕ್ಕಿಂತ ದನಿ ಬೇಗ ಹಿಡಿಯುತ್ತದೆ. ಒಂದೇ ಹಾಡು, ಒಂದೇ ಕರೆಯುವ ಹೆಸರು ಇರಲಿ. ಉಗಾದಿಗೋ ಮೊಹರಂಗೋ ಊರಿಗೆ ಹೋದಾಗ ಓಡಿ ಹೋಗಿ ಎತ್ತಿಕೊಳ್ಳಬೇಡಿ. ಅಜ್ಜಿಯ ಪಕ್ಕ ನೆಲದ ಮೇಲೆ ಕೂತುಕೊಳ್ಳಿ, ಅದೇ ಹಾಡು ಹೇಳುತ್ತಿರಿ. ಅವನೇ ಬರಲಿ. ಬಂದ ಮೇಲೆ ಉಣಿಸುವುದು, ತೊಳೆಯುವುದು, ಮಲಗಿಸುವುದು ಎಲ್ಲ ನೀವೇ ಮಾಡಿ. ನಿಮ್ಮ ತಾಯಿಗೂ ಆ ನಾಲ್ಕು ದಿನ ನಡು ನೆಟ್ಟಗೆ ಮಾಡಿಕೊಳ್ಳಲು ಸಿಗುತ್ತದೆ.

ಇನ್ನೊಂದು, ಮರೆಯಬೇಡಿ. ‘ತಾಯಿ ಕಾರ್ಡ್’ನಲ್ಲಿರುವ ಮಗನ ಲಸಿಕೆ ಪುಟದ ಫೋಟೊ ತರಿಸಿ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಒಂದೂವರೆ ವರ್ಷ ಅಂದಿರಿ, ಅಂದರೆ 16ರಿಂದ 24 ತಿಂಗಳೊಳಗಿನ ಲಸಿಕೆಗಳ ಹೊತ್ತು ಇದೇ. ದಡಾರದ ಎರಡನೇ ಡೋಸ್, ಡಿ.ಪಿ.ಟಿ. ಮತ್ತು ಪೋಲಿಯೊ ಬೂಸ್ಟರ್ ಇದರಲ್ಲಿ ಬರುತ್ತವೆ. ಅಜ್ಜಿಗೆ ಓದಲು ಬರದಿದ್ದರೆ ಇದು ತಪ್ಪಿಹೋಗುವುದೇ ಜಾಸ್ತಿ. ಊರಿನ ಆಶಾ ಕಾರ್ಯಕರ್ತೆಯ ನಂಬರ್ ತೆಗೆದುಕೊಂಡು, ಲಸಿಕೆ ದಿನ ಯಾವುದೆಂದು ಮೊದಲೇ ಕೇಳಿ, ಆಗುವುದಾದರೆ ನಿಮ್ಮ ರಜೆಯನ್ನೂ ಅದೇ ದಿನಕ್ಕೆ ಹೊಂದಿಸಿಕೊಳ್ಳಿ. ಸೂಜಿ ಹಾಕುವಾಗ ಅವನು ನಿಮ್ಮ ತೊಡೆಯ ಮೇಲೆ ಕೂತಿರಲಿ. ಸಂಜೆ ಜ್ವರ ಬಂದರೆ ಹೆದರಬೇಡಿ. ಕೇಂದ್ರದಲ್ಲಿ ಕೊಟ್ಟ ಪ್ಯಾರಾಸಿಟಮಾಲ್ ಅನ್ನು ಅವರು ಹೇಳಿದ ಅಳತೆಯಲ್ಲೇ ಹಾಕಿ, ಸೂಜಿ ಹಾಕಿದ ಜಾಗವನ್ನು ಉಜ್ಜಬೇಡಿ.